ಆಕಾಶಗಳ ಕೊಹೊಮಾಲಜಿ ಮತ್ತು ಅದರ ಮಾಡ್ಯೂಲ್ ರಚನೆ

ಎರಡು ಆಕೃತಿಗಳಲ್ಲಿ ಒಂದನ್ನು ಹರಿಯದೆ, ಹೊಸದಾಗಿ ಬೆಸೆಯದೆ, ಹಿಗ್ಗಿಸುವುದು ಕುಗ್ಗಿಸುವುದು ಬಾಗಿಸುವುದು ಇಷ್ಟರಿಂದಲೇ ಇನ್ನೊಂದನ್ನಾಗಿ ಮಾರ್ಪಡಿಸಲು ಸಾಧ್ಯವೇ ಎಂಬುದು ಟೊಪಾಲಜಿಯ ಮೂಲಪ್ರಶ್ನೆಗಳಲ್ಲಿ ಒಂದು. ಸಾಧ್ಯವೆಂದು ಸ್ಥಾಪಿಸಲು ಅಂಥ ಒಂದು ಮಾರ್ಪಾಟನ್ನು ಮಾಡಿ ತೋರಿಸಿದರೆ ಸಾಕು. ಅಸಾಧ್ಯವೆಂದು ಸ್ಥಾಪಿಸುವ ಕಾರ್ಯ ಇದಕ್ಕಿಂತ ಬಹಳ ಕಠಿನವಾದುದು. ಏಕೆಂದರೆ ಎಷ್ಟು ಪ್ರಯತ್ನಗಳು ವಿಫಲವಾದರೂ ಅವು ಅಸಾಧ್ಯತೆಗೆ ಪ್ರಮಾಣವಾಗಲಾರವು. ಆದಕಾರಣ ಗಣಿತಜ್ಞರು ಪ್ರತಿಯೊಂದು ಆಕೃತಿಗೂ, ಅಥವಾ ಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ ಪ್ರತಿಯೊಂದು ‘ಆಕಾಶ’ಕ್ಕೂ, ಒಂದು ಬೀಜಗಣಿತ ವಸ್ತುವನ್ನು ಜೋಡಿಸುತ್ತಾರೆ. ಆಕಾಶವನ್ನು ಎಳೆದಾಡಿದರೂ ಈ ವಸ್ತು ಬದಲಾಗದು. ಎರಡು ಆಕಾಶಗಳಿಗೆ ಜೋಡಿಸಿದ ವಸ್ತುಗಳು ಬೇರೆಯಾದರೆ ಆ ಆಕಾಶಗಳೂ ಬೇರೆಯೆಂಬುದು ನಿಶ್ಚಯವಾಗುವುದು.

ಇಂಥ ವಸ್ತುಗಳಲ್ಲಿ ಕೊಹೊಮಾಲಜಿ ಪ್ರಮುಖವಾದುದು. ಅದನ್ನು ಮೊದಲು ಕಲಿಯುವ ವಿದ್ಯಾರ್ಥಿ ಸಾಮಾನ್ಯವಾಗಿ ಅದರ ಗಾತ್ರವನ್ನು ಮಾತ್ರ ಲೆಕ್ಕಹಾಕಿ ನಿಲ್ಲುತ್ತಾನೆ: ಈ ದರ್ಜೆಯಲ್ಲಿ ಒಂದು, ಆ ದರ್ಜೆಯಲ್ಲಿ ಎರಡು, ಹೀಗೆ. ಚರಿತ್ರೆಯಲ್ಲಿಯೂ ಆರಂಭ ಹೀಗೆಯೇ ಆಯಿತು. 1895ರಲ್ಲಿ ಪ್ವಾಂಕರೆ ಈ ಶಾಸ್ತ್ರಕ್ಕೆ ಅಡಿಪಾಯ ಹಾಕಿದಾಗ ಆತನ ಗಮನ ಬೆಟ್ಟಿ ಸಂಖ್ಯೆಗಳೆಂಬ ಎಣಿಕೆಗಳ ಮೇಲೆ ಇತ್ತು. ಈ ಸಂಖ್ಯೆಗಳ ಹಿಂದೆ ಸಂಕುಲಗಳಿವೆ, ಅವುಗಳನ್ನೇ ಅಧ್ಯಯನ ಮಾಡಬೇಕು ಎಂದು 1920ರ ದಶಕದ ನಡುವಿನಲ್ಲಿ ಒತ್ತಿ ಹೇಳಿದವರು ಎಮ್ಮಿ ನೋಯ್ಥರ್. ಅಲ್ಲಿಂದ ಮುಂದಕ್ಕೆ ಇನ್ನೊಂದು ಹೆಜ್ಜೆಯುಂಟು. ಈ ಸಂಕುಲಗಳ ಮೇಲೆ ಯಾವ ಯಾವ ಕ್ರಿಯೆಗಳು ನಡೆಯುತ್ತವೆಂಬುದನ್ನೂ ಗಮನಿಸಿದಾಗ ಅವು ‘ಮಾಡ್ಯೂಲು’ಗಳಾಗಿ ತೋರುತ್ತವೆ. ಎಣಿಕೆ ಸೋತ ಕಡೆಗಳಲ್ಲಿ ಈ ಮಾಡ್ಯೂಲ್ ರಚನೆ ಹೇಗೆ ನಿರ್ಣಯ ಕೊಡುತ್ತದೆಂಬುದನ್ನು ಸರಳವಾದ ಉದಾಹರಣೆಗಳಿಂದ ತೋರಿಸಿ, ಭಾರತೀಯ ಗಣಿತದ ಒಂದು ಪ್ರಸಿದ್ಧ ಪ್ರಮೇಯದವರೆಗೆ ಓದುಗರನ್ನು ಕರೆದೊಯ್ಯುವುದು ಪ್ರಕೃತ ಲೇಖನದ ಉದ್ದೇಶ.

1. ಪ್ರದಕ್ಷಿಣೆಯ ಲೆಕ್ಕ

ಬೆಂಗಳೂರಿನ ಪಶ್ಚಿಮದಲ್ಲಿ, ಮಾಗಡಿ ರಸ್ತೆಯ ಆಸುಪಾಸಿನಲ್ಲಿರುವ ಶ್ರೀಗಂಧದ ಕಾವಲಿನ ನಿವಾಸಿಯೊಬ್ಬರು ಸುಮನಹಳ್ಳಿಯ ಬಳಿ ಹೊರ ವರ್ತುಲ ರಸ್ತೆಯನ್ನು ಸೇರುತ್ತಾರೆಂದು ಭಾವಿಸೋಣ. ಸುಮಾರು 60 ಕಿಲೋಮೀಟರು ಉದ್ದದ ಈ ರಸ್ತೆ ನಗರವನ್ನು ಬಳಸಿ ಹೊರಟಲ್ಲಿಗೇ ಬಂದು ಕೂಡುವುದರಿಂದ, ಟೊಪಾಲಜಿಯ ದೃಷ್ಟಿಯಲ್ಲಿ ಅದು ಒಂದು ವೃತ್ತವೇ ಸರಿ. ನಮ್ಮ ಪ್ರಯಾಣಿಕರು ಈ ರಸ್ತೆಯನ್ನು ಬಿಡದೆ ಸಂಚರಿಸಿ ಮರಳಿ ಸುಮನಹಳ್ಳಿಗೆ ಬರಬೇಕೆಂಬುದಷ್ಟೇ ನಿಯಮ. ಗೊರಗುಂಟೆಪಾಳ್ಯದವರೆಗೆ ಹೋಗಿ ಅದೇ ದಾರಿಯಲ್ಲಿ ಹಿಂತಿರುಗಿದರೆ ಸುತ್ತಿನ ಲೆಕ್ಕ 0. ಗೊರಗುಂಟೆಪಾಳ್ಯ, ಹೆಬ್ಬಾಳ, ಕೃಷ್ಣರಾಜಪುರ, ಮಾರತ್ತಹಳ್ಳಿ, ಬನಶಂಕರಿ, ನಾಯಂಡಹಳ್ಳಿ ಎಂಬ ಕ್ರಮದಲ್ಲಿ ಪ್ರದಕ್ಷಿಣೆ ಬಂದರೆ ಲೆಕ್ಕ 1. ಅದಕ್ಕೆ ವಿರುದ್ಧವಾಗಿ ಅಪ್ರದಕ್ಷಿಣೆ ಬಂದರೆ ಋಣ 1. ನಡುವೆ ಎಷ್ಟು ಸಲ ಹಿಂದುಮುಂದಾಗಿ ಚಲಿಸಿದರೂ, ಎಲ್ಲಿ ಎಷ್ಟು ಹೊತ್ತು ನಿಂತರೂ, ಈ ಸಂಖ್ಯೆ ಬದಲಾಗುವುದಿಲ್ಲ. ಒಂದು ಪ್ರಯಾಣ ಮುಗಿದ ಮೇಲೆ ಇನ್ನೊಂದನ್ನು ಕೈಕೊಂಡರೆ ಎರಡರ ಸಂಖ್ಯೆಗಳೂ ಕೂಡಿಕೊಳ್ಳುತ್ತವೆ.

ಪ್ರತಿಯೊಂದು ಮುಚ್ಚಿದ ಪಥಕ್ಕೂ ಒಂದು ಪೂರ್ಣಾಂಕವನ್ನು ಕೊಡುವ ಈ ನಿಯಮವನ್ನು ‘ಸ’ ಎಂದು ಕರೆಯೋಣ. ಇದೇ ವೃತ್ತದ ಒಂದನೆಯ ದರ್ಜೆಯ ಕೊಹೊಮಾಲಜಿಯ ಒಂದು ಅಂಶ. ಸುತ್ತಿನ ಲೆಕ್ಕವನ್ನು ಇಮ್ಮಡಿಸಿ ಹೇಳುವ ನಿಯಮವಾದ 2ಸ, ಚಿಹ್ನೆಯನ್ನು ತಿರುಗಿಸಿ ಹೇಳುವ –ಸ, ಇವೂ ಅಂಥವೇ. ವೃತ್ತದ ಮೇಲೆ ಈ ಬಗೆಯ ನಿಯಮಗಳೆಲ್ಲವೂ ಸ ಎಂಬುದರ ಪೂರ್ಣಾಂಕ ಅಪವರ್ತ್ಯಗಳೇ ಆಗಿವೆ. ಮೇಲಿನ ದರ್ಜೆಗಳಲ್ಲಿ ಪಥಗಳಿಗೆ ಬದಲಾಗಿ ಮೇಲ್ಮೈಗಳನ್ನೂ ಅವುಗಳಿಗಿಂತ ಹೆಚ್ಚು ಆಯಾಮದ ತುಣುಕುಗಳನ್ನೂ ಅಳೆಯುವ ನಿಯಮಗಳು ಬರುತ್ತವೆ. ಕೊಹೊಮಾಲಜಿಯೆಂದರೆ ಸ್ಥೂಲವಾಗಿ ಇಂಥ ಅಳತೆಗಳ ಸಮುದಾಯ.

2. ಮಾಡ್ಯೂಲ್ ಎಂದರೇನು?

ಮೇಲಿನ ಉದಾಹರಣೆಯಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಅಳತೆಗಳನ್ನು ಒಂದಕ್ಕೊಂದು ಕೂಡಬಹುದು. ಮತ್ತು ಯಾವ ಅಳತೆಯನ್ನಾದರೂ ಪೂರ್ಣಾಂಕದಿಂದ ಗುಣಿಸಬಹುದು. ಕೂಡುವಿಕೆ ಗುಣಿಸುವಿಕೆಗಳೆರಡೂ ಉಳ್ಳ ಪೂರ್ಣಾಂಕಗಳಂಥ ಸಮುದಾಯಕ್ಕೆ ವಲಯ, ಅಂದರೆ ರಿಂಗ್, ಎಂದು ಹೆಸರು. ಒಂದು ಪರಿವರ್ತನೀಯ ಸಂಕುಲದ ಅಂಶಗಳನ್ನು ಒಂದು ವಲಯದ ಅಂಶಗಳಿಂದ ಗುಣಿಸಲು ಸಾಧ್ಯವಾಗಿ, ಆ ಗುಣಿಸುವಿಕೆ ವಿಭಾಜಕ ನಿಯಮ ಮೊದಲಾದ ವಾಡಿಕೆಯ ನಿಯಮಗಳನ್ನು ಪಾಲಿಸುವುದಾದರೆ, ಆ ಸಂಕುಲವು ಆ ವಲಯದ ಮೇಲಿನ ಮಾಡ್ಯೂಲ್ ಎನಿಸಿಕೊಳ್ಳುವುದು. ವಲಯವು ಕ್ಷೇತ್ರವಾಗಿದ್ದ ಪಕ್ಷದಲ್ಲಿ, ಎಂದರೆ ಭಾಗಲಬ್ಧ ಸಂಖ್ಯೆಗಳಲ್ಲಿರುವಂತೆ ಸೊನ್ನೆಯಲ್ಲದ ಎಲ್ಲ ಅಂಶಗಳಿಂದಲೂ ಭಾಗಿಸಲು ಬರುವುದಾದರೆ, ಮಾಡ್ಯೂಲ್ ಎಂಬುದು ನಮಗೆ ಪರಿಚಿತವಾದ ಸದಿಶಾಕಾಶವೇ ಆಗುವುದು.

ಸದಿಶಾಕಾಶಕ್ಕೆ ಯಾವಾಗಲೂ ಆಧಾರವೊಂದಿರುತ್ತದೆ. ಅದರ ಆಯಾಮ ತಿಳಿದರೆ ಎಲ್ಲವೂ ತಿಳಿದಂತೆ. ಮಾಡ್ಯೂಲಿನ ವಿಷಯ ಹಾಗಲ್ಲ. ಆಧಾರವುಳ್ಳ ಮಾಡ್ಯೂಲಿಗೆ ‘ಮುಕ್ತ’ ಎಂಬ ವಿಶೇಷಣವುಂಟು. ಆದರೆ ಮುಕ್ತವಲ್ಲದವು ಹೇರಳವಾಗಿವೆ. ಗೋಳದ ಮೇಲಿನ ಪರಸ್ಪರ ಎದುರುಬದುರಾದ ಬಿಂದುಗಳನ್ನು ಒಂದೇ ಎಂದೆಣಿಸಿದರೆ ದೊರೆಯುವ ನೈಜ ಪ್ರಕ್ಷೇಪ ಸಮತಲವನ್ನು ತೆಗೆದುಕೊಳ್ಳೋಣ. ಗೋಳದ ಒಂದು ಬಿಂದುವಿನಿಂದ ಅದರ ಎದುರು ಬಿಂದುವಿಗೆ ಎಳೆದ ರೇಖೆ ಇಲ್ಲಿ ಮುಚ್ಚಿದ ಪಥವಾಗುವುದು. ಅದನ್ನು ಒಂದು ಬಿಂದುವಿಗೆ ಕುಗ್ಗಿಸಲಾಗದು. ಆದರೆ ಅದರ ಮೇಲೆ ಎರಡು ಸಲ ನಡೆದ ಪಥವನ್ನು ಕುಗ್ಗಿಸಬಹುದು. ಇದರ ಫಲವಾಗಿ ಪೂರ್ಣಾಂಕ ಸಹಗುಣಕಗಳ ಕೊಹೊಮಾಲಜಿಯ ಎರಡನೆಯ ದರ್ಜೆಯಲ್ಲಿ, ತಾನು ಸೊನ್ನೆಯಾಗದೆ ಇಮ್ಮಡಿಸಿದಾಗ ಮಾತ್ರ ಸೊನ್ನೆಯಾಗುವ ಅಂಶವೊಂದು ಕಾಣಿಸಿಕೊಳ್ಳುತ್ತದೆ. ಭಾಗಲಬ್ಧ ಸಹಗುಣಕಗಳನ್ನು ಬಳಸಿದರೆ ಈ ಅಂಶ ಮಾಯವಾಗಿ, ಸಮತಲವು ಒಂದು ಬಿಂದುವಿಗೆ ಸಮಾನವಾಗಿ ತೋರುವುದು. 0 ಮತ್ತು 1 ಎಂಬ ಎರಡೇ ಅಂಶಗಳ ಕ್ಷೇತ್ರವನ್ನು ಬಳಸಿದರೆ 0, 1, 2 ಈ ಮೂರು ದರ್ಜೆಗಳಲ್ಲಿಯೂ ಒಂದೊಂದು ಅಂಶ ಏಳುವುದು. ಒಂದೇ ಆಕಾಶ ಮೂರು ವಲಯಗಳ ಮೇಲೆ ಮೂರು ಬಗೆಯಾಗಿ ಕಾಣುತ್ತದೆ. ‘ಈ ಆಕಾಶದ ಕೊಹೊಮಾಲಜಿ ಏನು?’ ಎಂಬ ಪ್ರಶ್ನೆ ‘ಯಾವ ವಲಯದ ಮೇಲೆ?’ ಎಂಬ ಪ್ರಶ್ನೆಯಿಲ್ಲದೆ ಪೂರ್ಣವಾಗದೆಂಬುದು ಇದರ ತಾತ್ಪರ್ಯ.

3. ಕಪ್ ಗುಣಾಕಾರ

1935ರಲ್ಲಿ ಮಾಸ್ಕೋದಲ್ಲಿ ನಡೆದ ಸಮ್ಮೇಳನದಲ್ಲಿ ಅಲೆಕ್ಸಾಂಡರ್ ಮತ್ತು ಕೊಲ್ಮೊಗೊರೊವ್ ಎಂಬವರು ಪರಸ್ಪರ ಸ್ವತಂತ್ರವಾಗಿ, ಕೊಹೊಮಾಲಜಿಯ ಅಂಶಗಳನ್ನು ತಮ್ಮತಮ್ಮಲ್ಲಿಯೇ ಗುಣಿಸುವ ವಿಧಾನವನ್ನು ಮುಂದಿಟ್ಟರು. ಇದಕ್ಕೆ ಕಪ್ ಗುಣಾಕಾರವೆಂದು ಹೆಸರಾಯಿತು. ಗುಣಿಸಿದಾಗ ದರ್ಜೆಗಳು ಕೂಡಿಕೊಳ್ಳುತ್ತವೆ. ಹೀಗಾಗಿ ಒಂದು ಆಕಾಶದ ಸಮಗ್ರ ಕೊಹೊಮಾಲಜಿಯು ತಾನೇ ಒಂದು ವಲಯವಾಗುವುದು.

ಇದರ ಪ್ರಯೋಜನವನ್ನು ಅರಿಯಲು ಕೋಡುಬಳೆಯ ಮೇಲ್ಮೈಯನ್ನು, ಎಂದರೆ ಟೋರಸ್ಸನ್ನು, ನೋಡೋಣ. ಕೋಡುಬಳೆಯ ಉದ್ದಕ್ಕೂ ಬಳಸಿ ಬರುವ ಸುತ್ತುಗಳನ್ನು ಎಣಿಸುವ ಅಂಶ ‘ಅ’, ಅದರ ದಪ್ಪವನ್ನು ಅಡ್ಡಲಾಗಿ ಬಳಸುವ ಸುತ್ತುಗಳನ್ನು ಎಣಿಸುವ ಅಂಶ ‘ಆ’ ಎಂದಿರಲಿ. ಇವೆರಡೂ ಒಂದನೆಯ ದರ್ಜೆಯವು. ಇವುಗಳ ಗುಣಲಬ್ಧ ಎರಡನೆಯ ದರ್ಜೆಯಲ್ಲಿ ಸೊನ್ನೆಯಾಗದೆ ಉಳಿಯುವುದು. ಇನ್ನು ಒಂದು ಗೋಳಕ್ಕೆ ಒಂದೇ ಬಿಂದುವಿನಲ್ಲಿ ಎರಡು ಬಳೆಗಳನ್ನು ತಗುಲಿಸಿದ ಆಕಾಶವನ್ನು ತೆಗೆದುಕೊಂಡರೆ, ಅದಕ್ಕೂ 0, 1, 2ನೆಯ ದರ್ಜೆಗಳಲ್ಲಿ ಕ್ರಮವಾಗಿ 1, 2, 1 ಎಂಬ ಬೆಟ್ಟಿ ಸಂಖ್ಯೆಗಳೇ ಇವೆ. ಎಣಿಕೆಯಿಂದ ಎರಡನ್ನೂ ಬೇರ್ಪಡಿಸಲಾಗದು. ಆದರೆ ಈ ಎರಡನೆಯ ಆಕಾಶದಲ್ಲಿ ಬಳೆಗಳ ಅಂಶಗಳನ್ನು ಗುಣಿಸಿದರೆ ಸೊನ್ನೆ ಬರುವುದು. ಆದ್ದರಿಂದ ಎರಡೂ ಬೇರೆ.

4. ತಳದ ಮೇಲಿನ ಮಾಡ್ಯೂಲ್

ಈಗ ‘ಮೇಲು’ ಆಕಾಶವೊಂದರಿಂದ ‘ತಳ’ ಆಕಾಶಕ್ಕೆ ಅವಿಚ್ಛಿನ್ನ ಚಿತ್ರಣವೊಂದಿದೆ ಎನ್ನೋಣ. ತಳದ ಮೇಲಿನ ಯಾವ ಅಳತೆಯನ್ನಾದರೂ ಈ ಚಿತ್ರಣದ ಮೂಲಕ ಮೇಲಕ್ಕೆ ಎತ್ತಿ, ಮೇಲಿನ ಅಂಶಗಳೊಡನೆ ಗುಣಿಸಬಹುದು. ಹೀಗೆ ಮೇಲಿನ ಆಕಾಶದ ಕೊಹೊಮಾಲಜಿಯು ತಳದ ಕೊಹೊಮಾಲಜಿ ವಲಯದ ಮೇಲೆ ಮಾಡ್ಯೂಲ್ ಆಗುತ್ತದೆ. ಆಕಾಶಗಳ ನಡುವಿನ ಸಂಬಂಧವನ್ನು ಬೀಜಗಣಿತಕ್ಕೆ ತರುವ ಅತ್ಯಂತ ಸಹಜವಾದ ವಿಧಾನವಿದು.

ತಳದ ಪ್ರತಿಯೊಂದು ಬಿಂದುವಿನ ಮೇಲೂ ಒಂದೇ ಬಗೆಯ ಎಳೆ, ಅಂದರೆ ಫೈಬರ್, ನಿಂತಿರುವ ಸಂದರ್ಭ ವಿಶೇಷ ಮಹತ್ವದ್ದು. ಗೋಳವನ್ನು ತಳವಾಗಿಯೂ ವೃತ್ತವನ್ನು ಎಳೆಯಾಗಿಯೂ ಇಟ್ಟುಕೊಂಡು ಎರಡು ಆಕಾಶಗಳನ್ನು ಕಟ್ಟಬಹುದು. ಒಂದು, ಗೋಳ ಮತ್ತು ವೃತ್ತಗಳ ನೇರ ಗುಣಲಬ್ಧ. ಇನ್ನೊಂದು, 1931ರಲ್ಲಿ ಹೈಂಜ್ ಹಾಪ್ಫ್ ಪ್ರಕಟಿಸಿದ ಪ್ರಸಿದ್ಧ ಚಿತ್ರಣದಿಂದ ದೊರೆಯುವ 3-ಗೋಳ. ಮೊದಲನೆಯದರಲ್ಲಿ ಎಳೆಯ ಅಂಶವಾದ ಸ ಮೇಲಿನ ಆಕಾಶದಲ್ಲಿಯೂ ಉಳಿಯುವುದು. ಕೊಹೊಮಾಲಜಿಯು ತಳದ ವಲಯದ ಮೇಲೆ 1 ಮತ್ತು ಸ ಎಂಬ ಎರಡು ಅಂಶಗಳ ಆಧಾರವುಳ್ಳ ಮುಕ್ತ ಮಾಡ್ಯೂಲ್ ಆಗುವುದು. ಎರಡನೆಯದರಲ್ಲಿ ತಳದ ಎರಡನೆಯ ದರ್ಜೆಯ ಅಂಶವನ್ನು ಮೇಲಕ್ಕೆ ಎತ್ತಿದರೆ ಸೊನ್ನೆಯಾಗುವುದು, ಏಕೆಂದರೆ 3-ಗೋಳಕ್ಕೆ ಎರಡನೆಯ ದರ್ಜೆಯ ಕೊಹೊಮಾಲಜಿಯೇ ಇಲ್ಲ. ಇಲ್ಲಿ ಮಾಡ್ಯೂಲ್ ಮುಕ್ತವಲ್ಲ. ಎಳೆಗಳು ತಳದ ಮೇಲೆ ತಿರುಚಿಕೊಂಡಿವೆಯೆಂಬ ಜ್ಯಾಮಿತಿಯ ಸಂಗತಿಯೇ ಮುಕ್ತತೆಯ ಅಭಾವವಾಗಿ ಬೀಜಗಣಿತದಲ್ಲಿ ಪ್ರತಿಬಿಂಬಿಸಿದೆ.

ಲೆರೇ ಮತ್ತು ಹಿರ್ಷ್ ಇವರ ಹೆಸರಿನ ಪ್ರಮೇಯ ಇದನ್ನು ಸಾಮಾನ್ಯೀಕರಿಸುತ್ತದೆ. ಎಳೆಯ ಕೊಹೊಮಾಲಜಿಯು ಪರಿಮಿತ ಆಧಾರವುಳ್ಳ ಮುಕ್ತ ಮಾಡ್ಯೂಲಾಗಿದ್ದು, ಆ ಆಧಾರದ ಅಂಶಗಳೆಲ್ಲವೂ ಮೇಲಿನ ಆಕಾಶದ ಅಂಶಗಳಿಂದಲೇ ಬರುವುದಾದರೆ, ಮೇಲಿನ ಆಕಾಶದ ಕೊಹೊಮಾಲಜಿಯು ತಳದ ವಲಯದ ಮೇಲೆ ಮುಕ್ತ ಮಾಡ್ಯೂಲ್ ಆಗುವುದು. ಎಳೆಯ ಆಧಾರವೇ ಅದರ ಆಧಾರವೂ ಆಗುವುದು. ‘ಎಳೆಯ ಅಂಶಗಳೆಲ್ಲ ಮೇಲಕ್ಕೆ ವಿಸ್ತರಿಸುತ್ತವೆಯೇ?’ ಎಂಬ ಈ ಪ್ರಶ್ನೆಯನ್ನು ಓದುಗರು ನೆನಪಿನಲ್ಲಿಡಬೇಕು. ಅದು 6ನೆಯ ಭಾಗದಲ್ಲಿ ಮತ್ತೆ ನಮ್ಮನ್ನು ಎದುರುಗೊಳ್ಳುವುದು.

5. ಸ್ಟೀನ್‌ರಾಡ್ ಬೀಜಗಣಿತ

ಗುಣಾಕಾರವೂ ಸೋಲುವ ಸಂದರ್ಭಗಳಿವೆ. ಹಾಪ್ಫ್ ಚಿತ್ರಣದ ಮೂಲಕ 2-ಗೋಳಕ್ಕೆ ನಾಲ್ಕು ಆಯಾಮದ ಬಿಲ್ಲೆಯೊಂದರ ಅಂಚನ್ನು ಅಂಟಿಸಿದರೆ ಸಂಮಿಶ್ರ ಪ್ರಕ್ಷೇಪ ಸಮತಲ ದೊರೆಯುವುದು. ಅದರ ಕೊಹೊಮಾಲಜಿ 0, 2, 4ನೆಯ ದರ್ಜೆಗಳಲ್ಲಿ ಒಂದೊಂದು. 2-ಗೋಳ ಮತ್ತು 4-ಗೋಳಗಳನ್ನು ಒಂದು ಬಿಂದುವಿನಲ್ಲಿ ತಾಗಿಸಿದ ಆಕಾಶಕ್ಕೂ ಅಷ್ಟೇ. ಆದರೆ ಮೊದಲನೆಯದರಲ್ಲಿ ಎರಡನೆಯ ದರ್ಜೆಯ ಅಂಶದ ವರ್ಗವು ನಾಲ್ಕನೆಯ ದರ್ಜೆಯ ಅಂಶವನ್ನು ಕೊಡುವುದು. ಎರಡನೆಯದರಲ್ಲಿ ಆ ವರ್ಗ ಸೊನ್ನೆ. ಇಲ್ಲಿಯವರೆಗೆ ಗುಣಾಕಾರವೇ ಸಾಕು.

ಈಗ ಎರಡು ಆಕಾಶಗಳಿಗೂ ‘ಸಸ್ಪೆನ್ಷನ್’ ಎಂಬ ಕ್ರಿಯೆಯನ್ನು ಮಾಡೋಣ. ಆಕಾಶದ ಮೇಲೊಂದು ಕೆಳಗೊಂದು ಹೊಸ ಬಿಂದುಗಳನ್ನಿಟ್ಟು, ಆಕಾಶದ ಪ್ರತಿಯೊಂದು ಬಿಂದುವನ್ನೂ ಅವೆರಡಕ್ಕೂ ರೇಖೆಗಳಿಂದ ಜೋಡಿಸುವುದೇ ಈ ಕ್ರಿಯೆ. ವೃತ್ತಕ್ಕೆ ಹೀಗೆ ಮಾಡಿದರೆ ಗೋಳ ದೊರೆಯುವುದು. ಇದರಿಂದ ಸೊನ್ನೆಗಿಂತ ಹೆಚ್ಚಿನ ದರ್ಜೆಯ ಅಂಶಗಳೆಲ್ಲ ಒಂದೊಂದು ದರ್ಜೆ ಮೇಲಕ್ಕೇರುತ್ತವೆ. ಜೊತೆಗೆ ಅವುಗಳ ಗುಣಲಬ್ಧಗಳೆಲ್ಲವೂ ಸೊನ್ನೆಯಾಗಿಬಿಡುತ್ತವೆ. ನಮ್ಮ ಎರಡು ಆಕಾಶಗಳಿಗೂ ಈಗ 0, 3, 5ನೆಯ ದರ್ಜೆಗಳಲ್ಲಿ ಒಂದೊಂದು ಅಂಶ. ಎರಡರಲ್ಲಿಯೂ ಗುಣಾಕಾರ ನಿಷ್ಫಲ. ವಲಯಗಳಾಗಿ ಅವು ಒಂದೇ. ಹಾಗಾದರೆ ಆಕಾಶಗಳೂ ಒಂದೇ ಆದುವೇ?

ಇದಕ್ಕೆ ಉತ್ತರ ಕೊಡುವ ಸಾಧನವನ್ನು 1947ರಲ್ಲಿ ನಾರ್ಮನ್ ಸ್ಟೀನ್‌ರಾಡ್ ಒದಗಿಸಿದರು. 0 ಮತ್ತು 1 ಮಾತ್ರವುಳ್ಳ ಕ್ಷೇತ್ರವನ್ನು ಸಹಗುಣಕಗಳಾಗಿ ಇಟ್ಟುಕೊಂಡಾಗ, ಯಾವ ಆಕಾಶದ ಕೊಹೊಮಾಲಜಿಯ ಮೇಲಾದರೂ ವ₁, ವ₂, ವ₃ ಮುಂತಾದ ‘ವರ್ಗಕ್ರಿಯೆ’ಗಳು ವರ್ತಿಸುತ್ತವೆ. ವ₂ ಎಂಬುದು ದರ್ಜೆಯನ್ನು 2ರಷ್ಟು, ವ₄ ಎಂಬುದು 4ರಷ್ಟು ಏರಿಸುತ್ತದೆ. ಅಂಶದ ದರ್ಜೆಯೂ ಕ್ರಿಯೆಯ ಸಂಖ್ಯೆಯೂ ಒಂದೇ ಆಗಿದ್ದರೆ ಆ ಕ್ರಿಯೆ ಅಂಶದ ವರ್ಗವನ್ನೇ ಕೊಡುತ್ತದೆ. ಕ್ರಿಯೆಯ ಸಂಖ್ಯೆ ದರ್ಜೆಯನ್ನು ಮೀರಿದರೆ ಫಲ ಸೊನ್ನೆ. ನಮಗೆ ಬಹು ಮುಖ್ಯವಾದುದೆಂದರೆ, ಈ ಕ್ರಿಯೆಗಳು ಸಸ್ಪೆನ್ಷನ್ನಿನಿಂದ ನಾಶವಾಗುವುದಿಲ್ಲ. ಸಂಮಿಶ್ರ ಪ್ರಕ್ಷೇಪ ಸಮತಲದಲ್ಲಿ ವ₂ ಎರಡನೆಯ ದರ್ಜೆಯ ಅಂಶವನ್ನು ನಾಲ್ಕನೆಯದಕ್ಕೆ ಒಯ್ಯುತ್ತಿತ್ತು. ಸಸ್ಪೆನ್ಷನ್ನಿನ ಬಳಿಕ ಅದೇ ವ₂ ಮೂರನೆಯ ದರ್ಜೆಯ ಅಂಶವನ್ನು ಐದನೆಯದಕ್ಕೆ ಒಯ್ಯುವುದು. ತಾಗಿಸಿದ ಗೋಳಗಳ ಸಂದರ್ಭದಲ್ಲಿ ವ₂ ಅಲ್ಲಿಯೂ ಸೊನ್ನೆ, ಇಲ್ಲಿಯೂ ಸೊನ್ನೆ. ಆದ್ದರಿಂದ ಆಕಾಶಗಳು ಬೇರೆ. ಹಾಪ್ಫ್ ಚಿತ್ರಣದ ತಿರುಚುವಿಕೆ ಎಷ್ಟು ಸಲ ಸಸ್ಪೆನ್ಷನ್ ಮಾಡಿದರೂ ಅಳಿಯದೆಂಬುದೂ ಇದರಿಂದಲೇ ಸಿದ್ಧಿಸುವುದು.

ಈ ಕ್ರಿಯೆಗಳನ್ನು ಒಂದರ ಮೇಲೊಂದು ಪ್ರಯೋಗಿಸಬಹುದು, ಕೂಡಬಹುದು. ಹೀಗೆ ಅವು ಪರಿವರ್ತನೀಯವಲ್ಲದ ಒಂದು ವಲಯವಾಗುತ್ತವೆ. ಅದಕ್ಕೆ ಸ್ಟೀನ್‌ರಾಡ್ ಬೀಜಗಣಿತವೆಂದು ಹೆಸರು. ಪ್ರತಿಯೊಂದು ಆಕಾಶದ ಕೊಹೊಮಾಲಜಿಯೂ ಅದರ ಮೇಲಿನ ಮಾಡ್ಯೂಲ್. ಗುಣಲಬ್ಧದ ಮೇಲೆ ಈ ಕ್ರಿಯೆಗಳು ವರ್ತಿಸುವ ಸೂತ್ರವನ್ನು 1950ರಲ್ಲಿ ಆನ್ರಿ ಕಾರ್ತಾಂ, ಕ್ರಿಯೆಗಳು ತಮ್ಮತಮ್ಮಲ್ಲಿ ಪಾಲಿಸುವ ಸಂಬಂಧಗಳನ್ನು 1952ರಲ್ಲಿ ಮೆಕ್ಸಿಕೋದ ಹೋಸೆ ಆಡೆಮ್ ಪ್ರಕಟಿಸಿದರು. ಈ ಬೀಜಗಣಿತದ ಆಂತರಿಕ ರಚನೆಯನ್ನು 1958ರಲ್ಲಿ ಜಾನ್ ಮಿಲ್ನರ್ ವಿಶದಪಡಿಸಿದರು.

ಆಡೆಮ್ ಸಂಬಂಧಗಳ ಬಲವನ್ನು ಒಂದು ಉದಾಹರಣೆಯಿಂದ ಕಾಣಬಹುದು. ಈ ಸಹಗುಣಕಗಳ ಮೇಲೆ 0, 6, 12ನೆಯ ದರ್ಜೆಗಳಲ್ಲಿ ಮಾತ್ರ ಒಂದೊಂದು ಅಂಶವಿದ್ದು, ಆರನೆಯ ದರ್ಜೆಯ ಅಂಶ ‘ಕ’ದ ವರ್ಗವು ಹನ್ನೆರಡನೆಯ ದರ್ಜೆಯ ಅಂಶವಾಗುವಂಥ ಆಕಾಶವಿದೆಯೇ? ಎಣಿಕೆಯಿಂದಾಗಲಿ ಗುಣಾಕಾರದ ನಿಯಮಗಳಿಂದಾಗಲಿ ಇದಕ್ಕೆ ಯಾವ ಅಡ್ಡಿಯೂ ಕಾಣುವುದಿಲ್ಲ. ಆದರೆ ಆಡೆಮ್ ಸಂಬಂಧಗಳಲ್ಲಿ ಒಂದು ಹೀಗಿದೆ:

ವ₆ = ವ₂ವ₄ + ವ₅ವ₁

ಕ ಎಂಬುದರ ವರ್ಗವೆಂದರೆ ಅದರ ಮೇಲೆ ವ₆ ಮಾಡಿದ ಫಲ. ಬಲಗಡೆಯ ಮೊದಲ ಪದದಲ್ಲಿ ವ₄ ಮೊದಲು ವರ್ತಿಸಿ ಕ ಎಂಬುದನ್ನು ಹತ್ತನೆಯ ದರ್ಜೆಗೆ ಒಯ್ಯಬೇಕು. ಅಲ್ಲಿ ಸೊನ್ನೆಯ ಹೊರತು ಏನೂ ಇಲ್ಲ. ಎರಡನೆಯ ಪದದಲ್ಲಿ ವ₁ ಅದನ್ನು ಏಳನೆಯ ದರ್ಜೆಗೆ ಒಯ್ಯಬೇಕು, ಅಲ್ಲಿಯೂ ಹಾಗೆಯೇ. ಎರಡೂ ಪದಗಳು ಸೊನ್ನೆಯಾದುದರಿಂದ ಕ ಎಂಬುದರ ವರ್ಗವೂ ಸೊನ್ನೆಯಾಗಲೇಬೇಕು. ಅಂಥ ಆಕಾಶ ಇರಲಾರದು. ಎರಡು ಸಾಲಿನ ವಾದದಿಂದ ಒಂದು ಇಡೀ ಬಗೆಯ ಆಕಾಶಗಳ ಅಸ್ತಿತ್ವವನ್ನು ಅಲ್ಲಗಳೆದಂತಾಯಿತು. ಕ್ರಿಯೆಯ ಸಂಖ್ಯೆ 2ರ ಘಾತವಲ್ಲದಿದ್ದಾಗಲೆಲ್ಲ ಈ ವಾದ ನಡೆಯುವುದು. 2ರ ಘಾತಗಳಲ್ಲಿ 1, 2, 4, 8 ಇವು ಮಾತ್ರವೇ ನಿಜವಾಗಿ ಸಾಧ್ಯವೆಂಬುದನ್ನು 1960ರಲ್ಲಿ ಫ್ರಾಂಕ್ ಆಡಮ್ಸ್ ಇನ್ನೂ ಸೂಕ್ಷ್ಮವಾದ ಕ್ರಿಯೆಗಳಿಂದ ಸಾಧಿಸಿದರು.

6. ಸಂಕುಲದ ಕ್ರಿಯೆ ಮತ್ತು ಹಾರ್ಡರ್–ನರಸಿಂಹನ್ ಪ್ರಮೇಯ

ಇನ್ನೊಂದು ಬಗೆಯ ಮಾಡ್ಯೂಲ್ ರಚನೆ ಸಮ್ಮಿತಿಗಳಿಂದ ಬರುವುದು. ಒಂದು ಸಂಕುಲದ ಅಂಶಗಳು ಆಕಾಶವನ್ನು ತನ್ನಲ್ಲಿಗೇ ಚಲಿಸುವಂತೆ ಮಾಡಿದರೆ, ಅವು ಕೊಹೊಮಾಲಜಿಯ ಅಂಶಗಳನ್ನೂ ಚಲಿಸುತ್ತವೆ. ವರ್ತುಲ ರಸ್ತೆಯ ಉದಾಹರಣೆಗೆ ಮರಳೋಣ. ನಕ್ಷೆಯಲ್ಲಿ ರಸ್ತೆಯನ್ನು ಅದರ ಮೇಲೆಯೇ ಜಾರಿಸಿ ತಿರುಗಿಸಿದರೆ ಸುತ್ತಿನ ಲೆಕ್ಕ ಬದಲಾಗುವುದಿಲ್ಲ. ಸ ಎಂಬುದು ಸ ಆಗಿಯೇ ಉಳಿಯುವುದು. ನಕ್ಷೆಯನ್ನು ಕನ್ನಡಿಯಲ್ಲಿ ನೋಡಿದರೆ ಪ್ರದಕ್ಷಿಣೆ ಅಪ್ರದಕ್ಷಿಣೆಯಾಗಿ, ಸ ಎಂಬುದು –ಸ ಆಗುವುದು. ತಿರುಗುವಿಕೆಯ ಕ್ರಿಯೆ ಕೊಹೊಮಾಲಜಿಯ ಮೇಲೆ ಯಾವ ಪರಿಣಾಮವನ್ನೂ ಮಾಡದು. ಪ್ರತಿಬಿಂಬದ ಕ್ರಿಯೆ ಮಾಡುವುದು.

ಇದರ ಫಲವೇನೆಂಬುದನ್ನು ಹೀಗೆ ಕಾಣಬಹುದು. ತಳದ ವೃತ್ತವನ್ನು ಅರ್ಧ ಸುತ್ತು ತಿರುಗಿಸುತ್ತಲೇ ಎಳೆಯ ವೃತ್ತವನ್ನು ಪ್ರತಿಬಿಂಬಿಸಿ, ಹೀಗೆ ಒಂದಕ್ಕೊಂದು ಸೇರುವ ಬಿಂದುಗಳನ್ನು ಒಂದೇ ಎಂದೆಣಿಸಿದರೆ ಕ್ಲೈನ್ ಸೀಸೆ ದೊರೆಯುವುದು. ಭಾಗಲಬ್ಧ ಸಹಗುಣಕಗಳ ಮೇಲೆ, ಬದಲಾಗದೆ ಉಳಿಯುವ ಅಂಶಗಳು ಮಾತ್ರ ಇಂಥ ಆಕಾಶದಲ್ಲಿ ಬದುಕುತ್ತವೆ. ಎಳೆಯ ಸ ಎಂಬ ಅಂಶ ಚಿಹ್ನೆ ಬದಲಿಸುವುದರಿಂದ ಅದು ನಷ್ಟವಾಗುವುದು. ಬೆಟ್ಟಿ ಸಂಖ್ಯೆಗಳು 1, 1, 0. ಪ್ರತಿಬಿಂಬಕ್ಕೆ ಬದಲಾಗಿ ಎಳೆಯನ್ನೂ ತಿರುಗಿಸಿದ್ದರೆ ಟೋರಸ್ ದೊರೆತು, ಸಂಖ್ಯೆಗಳು 1, 2, 1 ಆಗುತ್ತಿದ್ದುವು. ಎಳೆಯ ಅಂಶಗಳು ಮೇಲಕ್ಕೆ ವಿಸ್ತರಿಸುತ್ತವೆಯೇ ಎಂಬ ಹಿಂದಿನ ಪ್ರಶ್ನೆಗೆ ಉತ್ತರ ಸಂಕುಲದ ಕ್ರಿಯೆಯಲ್ಲಿ ಅಡಗಿದೆ.

ಈ ಚಿಕ್ಕ ಮಾದರಿಯನ್ನು ಕಣ್ಣಮುಂದಿಟ್ಟುಕೊಂಡು ಎಂ. ಎಸ್. ನರಸಿಂಹನ್ ಅವರ ಕಾರ್ಯವನ್ನು ನೋಡೋಣ. 1932ರಲ್ಲಿ ಜನಿಸಿ, ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿ ದೀರ್ಘಕಾಲ ಕೆಲಸ ಮಾಡಿ, ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದು 2021ರಲ್ಲಿ ನಿಧನರಾದ ನರಸಿಂಹನ್ ಅವರು 1965ರಲ್ಲಿ ಸಿ. ಎಸ್. ಶೇಷಾದ್ರಿಯವರೊಡನೆ ಪ್ರಕಟಿಸಿದ ಪ್ರಮೇಯ ಲೋಕವಿಖ್ಯಾತವಾದುದು. ಎರಡು ಅಥವಾ ಹೆಚ್ಚು ರಂಧ್ರಗಳುಳ್ಳ ರೀಮಾನ್ ಮೇಲ್ಮೈಯೊಂದರ ಪ್ರತಿ ಬಿಂದುವಿನ ಮೇಲೂ ಒಂದೊಂದು ಸದಿಶಾಕಾಶವನ್ನು ನಿಲ್ಲಿಸಿ ಕಟ್ಟಿದ ರಚನೆಗಳಿಗೆ ಸದಿಶಕಟ್ಟುಗಳೆನ್ನೋಣ. ಅವುಗಳಲ್ಲಿ ‘ಸ್ಥಿರ’ವೆನಿಸಿದವುಗಳನ್ನೆಲ್ಲ ಒಟ್ಟುಗೂಡಿಸಿದರೆ ಆ ಸಮುದಾಯ ತಾನೇ ಒಂದು ಜ್ಯಾಮಿತೀಯ ಆಕಾಶವಾಗುತ್ತದೆ. ಕಟ್ಟಿನ ಶ್ರೇಣಿ ಮತ್ತು ಮಾನ ಎಂಬ ಎರಡು ಪೂರ್ಣಾಂಕಗಳನ್ನು ಸಾಮಾನ್ಯ ಅಪವರ್ತನವಿಲ್ಲದಂತೆ ಆಯ್ದು ಗೊತ್ತುಪಡಿಸಿದಾಗ ದೊರೆಯುವ ಆಕಾಶಕ್ಕೆ ‘ಮ’ ಎಂದು ಹೆಸರಿಡೋಣ. ಕಟ್ಟಿನ ನಿರ್ಧಾರಕವನ್ನೂ ಗೊತ್ತುಪಡಿಸಿದರೆ ಅದರೊಳಗಿನ ‘ನ’ ಎಂಬ ಆಕಾಶ ದೊರೆಯುವುದು. ನಿರ್ಧಾರಕಗಳೆಲ್ಲವೂ ಸೇರಿ ‘ಜ’ ಎಂಬ ಜಾಕೋಬಿಯನ್ ಆಗುತ್ತವೆ. ಅದು ಟೊಪಾಲಜಿಯ ದೃಷ್ಟಿಯಲ್ಲಿ ಹಲವು ವೃತ್ತಗಳ ಗುಣಲಬ್ಧ. ಹೀಗೆ ಜ ಎಂಬುದು ತಳ, ನ ಎಂಬುದು ಎಳೆ, ಮ ಎಂಬುದು ಮೇಲಿನ ಆಕಾಶ.

ಶ್ರೇಣಿಯಷ್ಟು ಸಲ ತನ್ನನ್ನು ತಾನೇ ಗುಣಿಸಿಕೊಂಡಾಗ ನಿರ್ಣಾಯಕವಾಗಿ ಸರಳವಾಗುವ ರೇಖಾಕಟ್ಟುಗಳು ‘ಗ’ ಎಂಬ ಪರಿಮಿತ ಸಂಕುಲವಾಗುತ್ತವೆ. ಈ ಗ ಎಂಬುದು ನ ಮತ್ತು ಜ ಎರಡರ ಮೇಲೂ ವರ್ತಿಸುವುದು. ಅವೆರಡರ ಗುಣಲಬ್ಧದಲ್ಲಿ ಗ ಒಂದಕ್ಕೊಂದು ಸೇರಿಸುವ ಬಿಂದುಗಳನ್ನು ಒಂದೇ ಎಂದೆಣಿಸಿದರೆ ಮ ದೊರೆಯುವುದು. ಕ್ಲೈನ್ ಸೀಸೆಯನ್ನು ಕಟ್ಟಿದ ರೀತಿಯೇ ಇದು. ಜ ಎಂಬುದರ ಮೇಲೆ ಗ ಮಾಡುವ ಕ್ರಿಯೆ ಬರಿಯ ತಿರುಗುವಿಕೆ. ಅಲ್ಲಿ ಯಾವ ಅಂಶವೂ ಬದಲಾಗದು. ಹಾಗಾದರೆ ನ ಎಂಬುದರ ಕೊಹೊಮಾಲಜಿಯ ಮೇಲೆ ಗ ಹೇಗೆ ವರ್ತಿಸುವುದು? ತಿರುಗುವಿಕೆಯಂತೆಯೋ ಪ್ರತಿಬಿಂಬದಂತೆಯೋ? ನ ಎಂಬ ಆಕಾಶವನ್ನು ಕಣ್ಣಿನಿಂದ ಕಾಣುವಂತಿಲ್ಲ. ಅದರ ಆಯಾಮ ದೊಡ್ಡದು, ರಚನೆ ಜಟಿಲ.

1975ರಲ್ಲಿ ‘ಮಥೆಮಾಟಿಷೆ ಅನ್ನಾಲೆನ್’ ಪತ್ರಿಕೆಯಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಗ್ಯುಂಟರ್ ಹಾರ್ಡರ್ ಮತ್ತು ನರಸಿಂಹನ್ ಅವರು, ಭಾಗಲಬ್ಧ ಸಹಗುಣಕಗಳ ಮೇಲೆ ಈ ಕ್ರಿಯೆ ಯಾವ ಅಂಶವನ್ನೂ ಬದಲಿಸುವುದಿಲ್ಲವೆಂದು ಸಾಧಿಸಿದರು. ಅವರು ಹಿಡಿದ ದಾರಿ ಅಚ್ಚರಿಗೊಳಿಸುವಂಥದು. ಪರಿಮಿತ ಕ್ಷೇತ್ರಗಳ ಮೇಲೆ ಇಂಥ ಕಟ್ಟುಗಳೆಷ್ಟೆಂದು ಎಣಿಸಿ, ಆಗತಾನೇ ದೆಲೀನ್ಯ ಅವರು ಪೂರ್ಣವಾಗಿ ಸಾಧಿಸಿದ್ದ ವೇಯ್ಲ್ ಊಹೆಗಳ ಮೂಲಕ ಆ ಎಣಿಕೆಯಿಂದ ಕೊಹೊಮಾಲಜಿಗೆ ಅವರು ಮರಳಿದರು. ನ ಎಂಬ ಎಳೆಯ ಪ್ರತಿಯೊಂದು ಅಂಶವೂ ಮ ಎಂಬುದಕ್ಕೆ ವಿಸ್ತರಿಸುವುದೆಂಬುದು ಇದರ ಫಲ. ಮ ಎಂಬುದರ ಕೊಹೊಮಾಲಜಿಯು ಜ ಎಂಬುದರ ಕೊಹೊಮಾಲಜಿ ವಲಯದ ಮೇಲೆ ಮುಕ್ತ ಮಾಡ್ಯೂಲ್, ಅದರ ಆಧಾರ ನ ಎಂಬುದರ ಸಮಗ್ರ ಕೊಹೊಮಾಲಜಿಯ ಆಧಾರ. ಒಂದನ್ನು ತಿಳಿದರೆ ಇನ್ನೊಂದು ತಾನಾಗಿಯೇ ತಿಳಿಯುವುದು. 1983ರಲ್ಲಿ ಮೈಕೆಲ್ ಅಟಿಯಾ ಮತ್ತು ರಾವುಲ್ ಬಾಟ್ ತೀರ ಬೇರೆಯಾದ, ಯಾಂಗ್–ಮಿಲ್ಸ್ ಸಮೀಕರಣಗಳ ಮಾರ್ಗದಿಂದ ಇದೇ ತಾಣಕ್ಕೆ ಬಂದರು.

ಇಂಥ ಫಲ ಸ್ವತಃಸಿದ್ಧವೆಂದು ಯಾರೂ ಭಾವಿಸಬಾರದು. 1987ರಲ್ಲಿ ನೈಜೆಲ್ ಹಿಚಿನ್ ಅವರು ಶ್ರೇಣಿ 2ರ ಕಟ್ಟುಗಳಿಗೆ ‘ಹಿಗ್ಸ್ ಕ್ಷೇತ್ರ’ವೆಂಬ ಹೆಚ್ಚಿನ ಅಂಗವನ್ನು ಜೋಡಿಸಿದ ಆಕಾಶಗಳನ್ನು ಪರಿಶೀಲಿಸಿದಾಗ, ಅಲ್ಲಿ ಅದೇ ಬಗೆಯ ಸಂಕುಲದ ಕ್ರಿಯೆ ಕೆಲವು ಅಂಶಗಳನ್ನು ಬದಲಿಸುವುದೆಂದು ಕಂಡರು. ಒಂದೇ ಸಂಕುಲ, ಸಮೀಪದ ಎರಡು ಆಕಾಶಗಳು. ಆದರೂ ಮಾಡ್ಯೂಲ್ ರಚನೆ ಬೇರೆ.

7. ಮಿತಿ ಮತ್ತು ಉಪಸಂಹಾರ

ಮಾಡ್ಯೂಲ್ ರಚನೆಯಿಂದ ಎಲ್ಲವೂ ನಿರ್ಣಯವಾಗುವುದೆಂದು ನಾವು ಹೇಳುವುದಿಲ್ಲ. 3-ಗೋಳಕ್ಕೆ ಆರು ಆಯಾಮದ ಬಿಲ್ಲೆಯನ್ನು, ಸಸ್ಪೆನ್ಷನ್ ಮಾಡಿದ ಹಾಪ್ಫ್ ಚಿತ್ರಣಗಳನ್ನು ಎರಡು ಸಲ ಅನುಕ್ರಮವಾಗಿ ಬಳಸಿ ಅಂಟಿಸಬಹುದು. ಹೀಗೆ ದೊರೆತ ಆಕಾಶಕ್ಕೂ, 3-ಗೋಳ ಮತ್ತು 6-ಗೋಳಗಳನ್ನು ಸುಮ್ಮನೆ ತಾಗಿಸಿದ ಆಕಾಶಕ್ಕೂ ಸ್ಟೀನ್‌ರಾಡ್ ಬೀಜಗಣಿತದ ಮೇಲೆ ಒಂದೇ ಮಾಡ್ಯೂಲ್ ದೊರೆಯುವುದು. ಆದರೂ ಅವು ಬೇರೆ ಬೇರೆ. ಅವುಗಳನ್ನು ಬೇರ್ಪಡಿಸಲು ಆಡಮ್ಸ್ ಬಳಸಿದಂಥ ಎರಡನೆಯ ಹಂತದ ಕ್ರಿಯೆಗಳು ಬೇಕು. ಆ ಹಂತಗಳೆಲ್ಲವನ್ನೂ ಕ್ರಮಬದ್ಧವಾಗಿ ಏರುವ ಯಂತ್ರವೊಂದನ್ನು 1958ರಲ್ಲಿ ಆಡಮ್ಸ್ ಅವರೇ ನಿರ್ಮಿಸಿದರು. ಆ ಯಂತ್ರಕ್ಕೆ ನಾವು ಒದಗಿಸಬೇಕಾದ ಮೊದಲ ಸಾಮಗ್ರಿ ಈ ಮಾಡ್ಯೂಲೇ.

ಆದಕಾರಣ ಈ ಶಾಸ್ತ್ರವನ್ನು ಅಧ್ಯಯನ ಮಾಡುವ ನಮ್ಮ ವಿದ್ಯಾರ್ಥಿಗಳು ಆಕಾಶವೊಂದರ ಕೊಹೊಮಾಲಜಿಯನ್ನು ಲೆಕ್ಕಹಾಕಿದ ಬಳಿಕ ಕೆಲವು ಪ್ರಶ್ನೆಗಳನ್ನು ತಪ್ಪದೆ ಕೇಳಿಕೊಳ್ಳಬೇಕು. ಯಾವ ವಲಯದ ಮೇಲೆ ಈ ಲೆಕ್ಕ ಮಾಡಿದೆವು? ಅಂಶಗಳು ಪರಸ್ಪರ ಗುಣಿಸಿದಾಗ ಏನಾಗುವುದು? ಈ ಆಕಾಶ ಇನ್ನಾವುದಾದರೂ ತಳದ ಮೇಲೆ ನಿಂತಿದೆಯೇ, ನಿಂತಿದ್ದರೆ ಮಾಡ್ಯೂಲ್ ಮುಕ್ತವೇ? ವರ್ಗಕ್ರಿಯೆಗಳು ಯಾವ ಅಂಶವನ್ನು ಯಾವುದಕ್ಕೆ ಒಯ್ಯುತ್ತವೆ? ಸಮ್ಮಿತಿಗಳು ಅಂಶಗಳನ್ನು ಕದಲಿಸುತ್ತವೆಯೇ? ಸುಮನಹಳ್ಳಿಯಿಂದ ಹೊರಟು ಸುಮನಹಳ್ಳಿಗೆ ಮರಳಿದ ಪ್ರಯಾಣಿಕರ ಸುತ್ತುಗಳನ್ನು ಎಣಿಸುವುದರಿಂದ ನಾವು ಆರಂಭಿಸಿದೆವು. ಆ ಎಣಿಕೆ ಕನ್ನಡಿಯಲ್ಲಿ ಚಿಹ್ನೆ ಬದಲಿಸುವುದೇ ಇಲ್ಲವೇ ಎಂಬ ಸಣ್ಣ ಪ್ರಶ್ನೆಯೇ, ತಕ್ಕ ಆಕಾಶದಲ್ಲಿ ಕೇಳಿದಾಗ, 1975ರ ಆ ಪ್ರಮೇಯವಾಯಿತು.